ಅತ್ತೆಯ ರೈಲು
ಜಯನಗರದ ನಮ್ಮ ಅತ್ತೆಗೆ ಮಲ್ಲೇಶ್ವರದ ತಂಗಿಯ ಮನೆಯೆಂದರೆ ಎರಡು ಬಸ್ಸು, ಜೊತೆಗೆ ಮಂಡಿನೋವು. 2006ರ ಜೂನ್‌ನಲ್ಲಿ ಬೆಂಗಳೂರು ಮೆಟ್ರೋಗೆ ಶಂಕುಸ್ಥಾಪನೆಯಾದಾಗ, "ಇನ್ನು ರೈಲಿನಲ್ಲೇ ಹೋಗೋಣ ಕಣೇ" ಎಂದರು. ಆಗ ನನ್ನ ಮಗಳು ಒಂದನೇ ಕ್ಲಾಸು.

2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡಿತು. 2014ರಲ್ಲಿ ಪೀಣ್ಯದ ಕಡೆಯಿಂದ ಮಲ್ಲೇಶ್ವರಕ್ಕೂ ಬಂತು. ನಮ್ಮ ಕಡೆಯ ಹಳಿ ಮಾತ್ರ ಕೂಡಲಿಲ್ಲ. ಮೆಜೆಸ್ಟಿಕ್ ಆಸುಪಾಸಿನ ನೆಲದಡಿ ಒಮ್ಮೆ ಮಣ್ಣು, ಒಮ್ಮೆ ಬಂಡೆ; ಸುರಂಗ ಕೊರೆಯುವ ಯಂತ್ರಗಳೇ ಕೆಟ್ಟು ನಿಂತವು.

42 ಕಿಲೋಮೀಟರಿನ ಮೊದಲ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ಮಗಳು ಎರಡನೇ ಪಿಯುಸಿ. ಅತ್ತೆ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ನಾವಿಬ್ಬರೂ ಜಯನಗರದಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆವು. ಬಾಗಿಲು ತೆಗೆದ ಚಿಕ್ಕತ್ತೆ, "ಇಷ್ಟು ಬೇಗ ಬಂದುಬಿಟ್ರಾ?" ಎಂದರು. ಏನೆಂದು ಹೇಳಲಿ?