ಪದ ಪರಿಚಯ: ಪಿಸಿಒಡಿ

ಲಗ್ಗೆರೆಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಮಾತಿನಲ್ಲಿ 'ಪಿಸಿಒಡಿ' ಈಗ ಕನ್ನಡದ್ದೇ ಪದ. 'ಅವಳಿಗೆ ಪಿಸಿಒಡಿ ಇದೆಯಂತೆ' ಎಂದರೆ ಬಿಡಿಸಿ ಹೇಳಬೇಕಿಲ್ಲ. ಬಿಡಿಸಿದರೆ ಅದು 'ಪಾಲಿಸಿಸ್ಟಿಕ್ ಓವೇರಿಯನ್ ಡಿಸೀಸ್', ಅಂಡಾಶಯಕ್ಕೆ ಸಂಬಂಧಿಸಿದ ತೊಂದರೆ. ವೈದ್ಯಕೀಯ ಬರಹದಲ್ಲಿ ಇದಕ್ಕೇ ಹೆಚ್ಚು ಕಾಣುವ ಹೆಸರು 'ಪಿಸಿಒಎಸ್'. ಕೊನೆಯ 'ಎಸ್' ಸಿಂಡ್ರೋಮ್, ಅಂದರೆ ಒಟ್ಟಾಗಿ ಬರುವ ಲಕ್ಷಣಗಳ ಗುಂಪು. 'ಪಾಲಿ' ಎಂದರೆ ಹಲವು. 'ಸಿಸ್ಟ್' ಚೀಲ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಹಿಳೆಯರಲ್ಲಿ ಈ ತೊಂದರೆಯನ್ನು ವಿವರಿಸಿದ್ದರಿಂದ ಬಹುಕಾಲ ಅವರ ಹೆಸರಿನಲ್ಲೇ ಕರೆಯುತ್ತಿದ್ದರು.

ಆ ಚೀಲ ನಮ್ಮ ಬಾಯಲ್ಲಿ 'ನೀರುಗುಳ್ಳೆ' ಆಯಿತು. ನನ್ನ ಮಟ್ಟಿಗೆ ಹೆಚ್ಚು ಹಾನಿ ಮಾಡಿದ್ದು ಈ ಪದವೇ. ಗುಳ್ಳೆ ಎಂದ ಕೂಡಲೇ ಆಪರೇಷನ್ ಮಾಡಿ ತೆಗೆಸಬೇಕೆಂಬ ಭಯ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಗಡ್ಡೆಯಲ್ಲ, ಪೂರ್ತಿ ಬಲಿಯದೆ ನಿಂತುಹೋದ ಅಂಡಕೋಶಿಕೆಗಳು. ತೊಂದರೆಯ ಬೇರು ಹಾರ್ಮೋನಿನ ಏರುಪೇರಿನಲ್ಲಿದೆ: ಹೆಚ್ಚಿನವರಲ್ಲಿ ಆಂಡ್ರೋಜೆನ್ (ಪುರುಷ ಹಾರ್ಮೋನು) ಹೆಚ್ಚುತ್ತದೆ, ಎಷ್ಟೋ ಜನರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. 2003ರ ರಾಟರ್‌ಡ್ಯಾಮ್ ಮಾನದಂಡದಂತೆ ಮುಟ್ಟಿನ ವ್ಯತ್ಯಾಸ, ಆಂಡ್ರೋಜೆನ್ ಹೆಚ್ಚಳ, ಸ್ಕ್ಯಾನಿಂಗ್ ಚಿತ್ರ ಈ ಮೂರರಲ್ಲಿ ಎರಡಿದ್ದು, ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ಪಿಸಿಒಡಿ ಎನ್ನಲು ಸಾಕು. ಹಾಗಾಗಿ ಗುಳ್ಳೆಯೇ ಇಲ್ಲದೆಯೂ ಪಿಸಿಒಡಿ ಇರಬಹುದು!

'ಮದುವೆಯಾದರೆ ಸರಿಹೋಗುತ್ತೆ' ಎಂದು ಮಗಳಿಗೆ ದಯವಿಟ್ಟು ಹೇಳಬೇಡಿ. ಮೂರು ತಿಂಗಳು ಮುಟ್ಟಾಗದಿದ್ದರೆ, ಮುಖದ ಮೇಲೆ ಕೂದಲು ಹೆಚ್ಚಿದರೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.