ಕಚೇರಿ ದೂರವಾಣಿ ವ್ಯವಸ್ಥೆ: ಫ್ಯೂಸು ಮತ್ತು ದೋಷಪತ್ತೆಯ ಇತಿಹಾಸ

ಕಚೇರಿ, ಕಾರ್ಖಾನೆ, ಆಸ್ಪತ್ರೆ, ಹೋಟೆಲುಗಳಲ್ಲಿ ಹೊರಗಿನ ಕೆಲವೇ ಲೈನುಗಳನ್ನು ಒಳಗಿನ ಹತ್ತಾರು ಎಕ್ಸ್‌ಟೆನ್ಶನ್‌ಗಳಿಗೆ ಹಂಚುವ ಯಂತ್ರಕ್ಕೆ ಭಾರತದಲ್ಲಿ ಮೊದಲು ಪಿಬಿಎಕ್ಸ್, ಅದು ಸ್ವಯಂಚಾಲಿತವಾದ ಮೇಲೆ ಪಿಎಬಿಎಕ್ಸ್, ಎಲೆಕ್ಟ್ರಾನಿಕ್ ಆದ ಮೇಲೆ ಇಪಿಎಬಿಎಕ್ಸ್ ಎಂಬ ಹೆಸರುಗಳು ಬಂದವು. ಈ ಯಂತ್ರದಲ್ಲಿ ಸುಟ್ಟ ಫ್ಯೂಸನ್ನು ಬದಲಿಸುವುದು ಒಂದು ನಿಮಿಷದ ಕೆಲಸ. ಅದು ಏಕೆ ಸುಟ್ಟಿತು ಎಂದು ಕಂಡುಹಿಡಿಯುವುದು ಬೇರೆಯದೇ ವಿದ್ಯೆ. ಅದು ತಂತಿ ಟೆಲಿಗ್ರಾಫಿನ ಕಾಲದಿಂದ ಬೆಳೆದು ಬಂದಿದೆ. ಆ ಬೆಳವಣಿಗೆಯ ಉದ್ದಕ್ಕೂ ಒಂದು ಸಂಗತಿ ಕಾಣುತ್ತದೆ: ಮೊದಲು ಯಂತ್ರವನ್ನು ಉಳಿಸಲೆಂದು ಇಟ್ಟ ತಂತಿಯ ತುಂಡು ಕ್ರಮೇಣ ದೋಷ ಎಲ್ಲಿದೆಯೆಂದು ತೋರಿಸುವ ಸಾಧನವಾಯಿತು.

ಸಿಡಿಲು ಮತ್ತು ತವರ

ಕರಗುವ ತಂತಿಯ ಕಲ್ಪನೆ ಹುಟ್ಟಿದ್ದು ಸಿಡಿಲಿನ ಭಯದಿಂದ. ಪ್ಯಾರಿಸ್ಸಿನ ಗಡಿಯಾರ ತಯಾರಕರ ಮನೆತನದ ಲೂಯಿ ಬ್ರೆಗೆ 1847ರಲ್ಲಿ, ಟೆಲಿಗ್ರಾಫ್ ಠಾಣೆಯೊಳಗೆ ಬರುವ ತಂತಿಯ ಒಂದು ಭಾಗವನ್ನು ತೆಳ್ಳಗೆ ಮಾಡಿದರೆ ಸಿಡಿಲು ಬಡಿದಾಗ ಅದೇ ಮೊದಲು ಕರಗಿ ಉಪಕರಣ ಉಳಿಯುತ್ತದೆ ಎಂದು ಸೂಚಿಸಿದರು. ಎಷ್ಟು ದಪ್ಪದ ತಂತಿ ಎಷ್ಟು ಪ್ರವಾಹಕ್ಕೆ ಕರಗುತ್ತದೆ ಎಂಬುದನ್ನು 1880ರ ದಶಕದಲ್ಲಿ ಲೆಕ್ಕಕ್ಕೆ ತಂದವರು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್. ಕರಗಿಸುವ ಪ್ರವಾಹವು ತಂತಿಯ ವ್ಯಾಸದ ಒಂದೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದೇ ಸೂತ್ರದ ಪ್ರಕಾರ, ಒಂದೇ ದಪ್ಪದ ತವರದ ತಂತಿಗಿಂತ ತಾಮ್ರದ ತಂತಿ ಸುಮಾರು ಆರು ಪಟ್ಟು ಹೆಚ್ಚು ಪ್ರವಾಹವನ್ನು ಕರಗದೆ ಸಹಿಸುತ್ತದೆ. ಫ್ಯೂಸು ಹೋದಾಗ ವೈರಿನಿಂದ ಒಂದು ತಾಮ್ರದ ಎಳೆ ಬಿಡಿಸಿ ಕಟ್ಟುವ ಅಭ್ಯಾಸ ಎಷ್ಟು ಅಪಾಯಕರ ಎಂಬುದಕ್ಕೆ ಈ ಲೆಕ್ಕವೊಂದೇ ಸಾಕು.

1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ದೂರವಾಣಿ ವಿನಿಮಯ ಕೇಂದ್ರ ತೆರೆದಾಗ ಅದಕ್ಕಿದ್ದ ಚಂದಾದಾರರು 21. ಭಾರತದಲ್ಲಿ 1882ರ ಜನವರಿ 28ರಂದು ಕಲ್ಕತ್ತಾ ಕೇಂದ್ರ 93 ಚಂದಾದಾರರೊಂದಿಗೆ ಆರಂಭವಾಯಿತು. ಆಗ ಪ್ರತಿ ಫೋನಿಗೂ ಅದರದೇ ಬ್ಯಾಟರಿ, ಕೈಯಲ್ಲಿ ತಿರುಗಿಸುವ ಮ್ಯಾಗ್ನೆಟೊ. ಒಳಗಿನಿಂದ ಹೆಚ್ಚು ಪ್ರವಾಹ ಹರಿಯುವ ಭಯವೇ ಇರಲಿಲ್ಲ. ವಿದ್ಯುದ್ದೀಪ ಮತ್ತು ಟ್ರಾಮುಗಳ ತಂತಿಗಳು ಅದೇ ಬೀದಿಗಳಿಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಕಡಿದ ದೂರವಾಣಿ ತಂತಿ ವಿದ್ಯುತ್ ತಂತಿಯ ಮೇಲೆ ಬಿದ್ದರೆ ಸ್ವಿಚ್‌ಬೋರ್ಡ್ ಹೊತ್ತಿಕೊಳ್ಳುತ್ತಿತ್ತು.

ಇದಕ್ಕೆ ಮೂರು ಹಂತದ ಕಾವಲು ಬಂತು. ಮೊದಲನೆಯದು ದೊಡ್ಡ ಪ್ರವಾಹಕ್ಕೆ ಕರಗುವ ಫ್ಯೂಸು. ಎರಡನೆಯದು, ಕೂದಲೆಳೆಯಷ್ಟು ಅಂತರದಲ್ಲಿ ಎದುರುಬದುರಾಗಿ ಇಟ್ಟ ಎರಡು ಇದ್ದಿಲ ತುಂಡುಗಳು. ಸಿಡಿಲಿನ ಒತ್ತಡ ಬಂದರೆ ಕಿಡಿ ಈ ಅಂತರ ಹಾರಿ ಭೂಮಿಗೆ ಇಳಿಯುತ್ತದೆ. ಮೂರನೆಯದಾದ ಹೀಟ್ ಕಾಯಿಲ್ ಇವುಗಳಲ್ಲೆಲ್ಲ ಜಾಣತನದ್ದು. ಫ್ಯೂಸನ್ನು ಕರಗಿಸಲು ಸಾಲದ, ಆದರೆ ಬಹಳ ಹೊತ್ತು ಹರಿದರೆ ರಿಲೇಯ ಸುರುಳಿಯನ್ನು ಸುಡಬಲ್ಲ ಅರ್ಧ ಆಂಪಿಯರ್ ಆಸುಪಾಸಿನ ಕಳ್ಳ ಪ್ರವಾಹಕ್ಕೆ ಅದು ಕೆಲವು ನಿಮಿಷಗಳಲ್ಲಿ ಬಿಸಿಯಾಗಿ, ಒಳಗಿನ ಬೆಸುಗೆ ಮೆತ್ತಗಾಗಿ, ಸ್ಪ್ರಿಂಗಿನ ಬಲಕ್ಕೆ ಮೊಳೆಯೊಂದು ಸರಿದು ಲೈನನ್ನು ಭೂಮಿಗೆ ಜೋಡಿಸುತ್ತಿತ್ತು. ಹೊರಗಿನ ಕೇಬಲ್ಲು ಒಳಗಿನ ಯಂತ್ರವನ್ನು ಸೇರುವ ಎಂಡಿಎಫ್ ಎಂಬ ಚೌಕಟ್ಟಿನ ಮೇಲೆ ಇವು ಸಾಲಾಗಿ ಕೂರುತ್ತಿದ್ದವು. ಇದ್ದಿಲ ತುಂಡಿನ ಜಾಗಕ್ಕೆ ಮುಂದೆ ಅನಿಲ ತುಂಬಿದ ಜಿ.ಡಿ. ಟ್ಯೂಬ್ ಬಂದಿದೆ, ಕೆಲಸ ಅದೇ.

ಎದ್ದು ನಿಲ್ಲುವ ಫ್ಯೂಸು

1890ರ ದಶಕದಲ್ಲಿ ಎಲ್ಲ ಫೋನುಗಳಿಗೂ ಒಂದೇ ಕಡೆಯಿಂದ ವಿದ್ಯುತ್ ಕೊಡುವ ಸಾಮಾನ್ಯ ಬ್ಯಾಟರಿ ಪದ್ಧತಿ ರೂಢಿಗೆ ಬಂತು. ಎರಡು ವೋಲ್ಟಿನ 24 ಸೀಸ-ಆಮ್ಲ ಕೋಶಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಇದೇ ಮುಂದೆ ಜಗತ್ತಿನ ರೂಢಿಯಾಯಿತು. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಜೋಡಿಸಿ, ತಂತಿಗಳನ್ನು ಋಣದಲ್ಲಿ ಇಟ್ಟರು. ತೇವವಿದ್ದ ಕಡೆ ವಿದ್ಯುದ್ವಿಭಜನೆಯಿಂದ ತಾಮ್ರ ಸವೆದುಹೋಗದಿರಲೆಂದು ಮಾಡಿದ ವ್ಯವಸ್ಥೆ ಇದು. ಹೊಸ ತಂತ್ರಜ್ಞರು ಮಲ್ಟಿಮೀಟರಿನಲ್ಲಿ ‘ಮೈನಸ್ 48’ ಕಂಡು ಗಲಿಬಿಲಿಗೊಳ್ಳುವುದು ಇದರಿಂದಲೇ.

ಕೋಣೆಯ ತುಂಬ ಇದ್ದ ಬ್ಯಾಟರಿಗಳ ಬಲ ನೂರಾರು ಆಂಪಿಯರ್. ಅದರಿಂದ ಹೊರಟು ಪ್ರತಿ ಚೌಕಟ್ಟಿಗೆ, ಪ್ರತಿ ಸಾಲಿಗೆ ಕವಲೊಡೆಯುವ ಕಡೆಯಲ್ಲೆಲ್ಲ ಫ್ಯೂಸು ಬೇಕಾಯಿತು. ಒಂದೇ ಫಲಕದಲ್ಲಿ ಹತ್ತಾರು ಫ್ಯೂಸುಗಳಿದ್ದಾಗ ಹೋಗಿರುವುದು ಯಾವುದು ಎಂದು ಗುರುತಿಸುವುದು ಹೇಗೆ? ಅಲಾರಂ ಫ್ಯೂಸು ಇದಕ್ಕೆ ಸಿಕ್ಕ ಉತ್ತರ. ಅದರ ತೆಳು ತಂತಿಯು ಒಂದು ಸ್ಪ್ರಿಂಗನ್ನು ಬಾಗಿಸಿ ಹಿಡಿದಿರುತ್ತದೆ. ತಂತಿ ಕರಗಿದೊಡನೆ ಸ್ಪ್ರಿಂಗು ಚಿಮ್ಮಿ ನಿಂತು, ಪಕ್ಕದ ಅಲಾರಂ ಪಟ್ಟಿಯನ್ನು ಮುಟ್ಟಿ, ಗಂಟೆ ಬಾರಿಸಿ, ಸಾಲಿನ ತುದಿಯ ದೀಪ ಹೊತ್ತಿಸುತ್ತದೆ. ಅಮೆರಿಕದ ಕೆಲಸಗಾರರು ಇದನ್ನು ‘ಮಿಡತೆ ಫ್ಯೂಸು’ ಎಂದು ಕರೆದರು. ಎಷ್ಟು ಆಂಪಿಯರಿನದೆಂದು ದೂರದಿಂದಲೇ ತಿಳಿಯಲು ತುದಿಗೆ ಬಣ್ಣದ ಮಣಿ ಪೋಣಿಸಿದ ಬಗೆಯೂ ಬಂತು. ಗಂಟೆ ಕೇಳಿದರೆ ಕೋಣೆ, ದೀಪ ಕಂಡರೆ ಸಾಲು, ಮಿಡತೆ ಕಂಡರೆ ಸರ್ಕ್ಯೂಟು. ದೋಷಪತ್ತೆಯ ಇತಿಹಾಸದಲ್ಲಿ ಇಷ್ಟು ಸರಳವಾದ, ಇಷ್ಟು ನಂಬಿಕೆಯ ಉಪಾಯ ಇನ್ನೊಂದಿಲ್ಲ. ಇಂದಿನ ದೂರಸಂಪರ್ಕ ಕೋಣೆಗಳಲ್ಲಿರುವ ಜಿಎಂಟಿ ಫ್ಯೂಸು ಇದೇ ವಂಶದ್ದು.

ಆಲ್ಮನ್ ಸ್ಟ್ರೌಜರ್ ಅವರ ಸ್ವಯಂಚಾಲಿತ ಪದ್ಧತಿ 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಆರಂಭವಾಯಿತು. ಭಾರತದ ಮೊದಲ ಸ್ವಯಂಚಾಲಿತ ಕೇಂದ್ರ ಶಿಮ್ಲಾದಲ್ಲಿ, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ, ಅದರ ಸುತ್ತಲಿನ ಊರೇ ದೂರವಾಣಿನಗರವಾಯಿತು. ಅಲ್ಲಿ ತಯಾರಾದ ಸ್ಟ್ರೌಜರ್ ಉಪಕರಣಗಳಿಂದ ದೇಶದ ತಂತ್ರಜ್ಞರ ಒಂದಿಡೀ ಪೀಳಿಗೆ ಕಿವಿಯಿಂದ ದೋಷ ಹಿಡಿಯುವುದನ್ನು ಕಲಿಯಿತು. ಸ್ವಿಚ್ಚು ಮೆಟ್ಟಿಲೇರುವ ಸದ್ದಿನ ಲಯ ತಪ್ಪಿದರೆ ಯಾವ ಸೆಲೆಕ್ಟರ್ ಸಿಕ್ಕಿಕೊಂಡಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. 1960ರ ದಶಕದಲ್ಲಿ ಅದೇ ಕಾರ್ಖಾನೆ ಸ್ಟ್ರೌಜರ್ ನಂತರದ ಬಗೆಯಾದ ಕ್ರಾಸ್‌ಬಾರ್ ಉಪಕರಣಗಳ ತಯಾರಿಕೆಗೂ ಕೈಹಾಕಿತು.

ಲಕ್ಷಣ ನೋಡಿ ಫ್ಯೂಸು ಹೇಳುವುದು

ಅಮೆರಿಕದ ಸಣ್ಣ ಕಚೇರಿಗಳಲ್ಲಿ 1938ರಿಂದ ‘1ಎ’ ಎಂಬ ಕೀ ಟೆಲಿಫೋನ್ ವ್ಯವಸ್ಥೆ ಇತ್ತು. 1960ರ ದಶಕದಲ್ಲಿ ಬಂದ ‘1ಎ2’ ಮಾದರಿ ಅದನ್ನು ಕಿತ್ತು ಮತ್ತೆ ಸಿಕ್ಕಿಸಬಹುದಾದ ಸರ್ಕ್ಯೂಟ್ ಕಾರ್ಡುಗಳಿಗೆ ಇಳಿಸಿತು. ಒಂದೇ ಫೋನಿನಲ್ಲಿ ಹಲವು ಲೈನುಗಳಿಗೆ ಹಲವು ಗುಂಡಿ, ಪ್ರತಿ ಗುಂಡಿಯೊಳಗೆ ಪುಟ್ಟ ಬಲ್ಬು, ಗೋಡೆಯ ಪೆಟ್ಟಿಗೆಯಲ್ಲಿ ವಿದ್ಯುತ್ ಘಟಕ. ಮಾತಿಗೆ ಒಂದು, ದೀಪಕ್ಕೆ ಒಂದು, ಗಂಟೆಗೆ ಒಂದು ಎಂದು ಪೂರೈಕೆಗಳು ಬೇರೆಬೇರೆ, ಅವುಗಳ ಫ್ಯೂಸುಗಳೂ ಬೇರೆಬೇರೆ. ಇದರಿಂದ ದೋಷಪತ್ತೆಗೆ ಒಂದು ತರ್ಕ ದೊರೆಯಿತು. ಮಾತು ಸರಿಯಿದ್ದು ದೀಪಗಳೆಲ್ಲ ಆರಿದ್ದರೆ ದೀಪದ ಫ್ಯೂಸು ಹೋಗಿದೆ. ಡಯಲ್ ಟೋನ್ ಇದೆ, ಕರೆ ಮಾಡಬಹುದು, ಆದರೆ ಬಂದ ಕರೆಗೆ ಯಾವ ಫೋನೂ ಬಾರಿಸುವುದಿಲ್ಲ ಎಂದರೆ ಗಂಟೆಯ ಪೂರೈಕೆ ನೋಡಬೇಕು. ಒಂದೇ ಫೋನು ಸತ್ತಿದ್ದರೆ ಫ್ಯೂಸಿನ ಫಲಕದ ಹತ್ತಿರವೇ ಹೋಗಬೇಕಾಗಿಲ್ಲ. ಆ ಫೋನಿನ ತಂತಿ, ಸಾಕೆಟ್ಟು, ಇಲ್ಲವೇ ಕಾರ್ಡು ನೋಡಿದರಾಯಿತು.

ಇದೇ ತರ್ಕ ನಮ್ಮ ಕಚೇರಿಗಳ ಇಪಿಎಬಿಎಕ್ಸ್‌ಗೂ ಹೊಂದುತ್ತದೆ. ವಿದ್ಯುತ್ ಹೋದಾಗ ಹೊರಗಿನ ಲೈನನ್ನು ಗೊತ್ತುಪಡಿಸಿದ ಒಂದು ಎಕ್ಸ್‌ಟೆನ್ಶನ್‌ಗೆ ನೇರವಾಗಿ ಜೋಡಿಸುವ ರಿಲೇ ಹಲವು ಯಂತ್ರಗಳಲ್ಲಿರುತ್ತದೆ. ಮಿಕ್ಕೆಲ್ಲ ಫೋನುಗಳು ಸತ್ತು, ರಿಸೆಪ್ಷನ್ನಿನ ಒಂದೇ ಫೋನಿನಲ್ಲಿ ಹೊರಗಿನ ಡಯಲ್ ಟೋನ್ ಬರುತ್ತಿದ್ದರೆ, ಪೆಟ್ಟಿಗೆ ತೆರೆಯುವ ಮೊದಲೇ ದೋಷ ವಿದ್ಯುತ್ ಪೂರೈಕೆಯಲ್ಲಿದೆ ಎಂದು ಹೇಳಬಹುದು.

ನಿಘಂಟಿನಿಂದ ಸಂಕೇತ ಸಂಖ್ಯೆಗೆ

ಯಂತ್ರ ಎಲೆಕ್ಟ್ರಾನಿಕ್ ಆದಾಗ ಕಣ್ಣು ಕಿವಿಗಳ ವಿದ್ಯೆ ಸಾಲದಾಯಿತು. ಟ್ರಾನ್ಸಿಸ್ಟರ್ ಸದ್ದು ಮಾಡುವುದಿಲ್ಲ, ಸತ್ತರೂ ಹೊರಗೆ ಕಾಣುವುದಿಲ್ಲ. ಬೆಲ್ ಪ್ರಯೋಗಾಲಯದವರು 1960ರಲ್ಲಿ ಇಲಿನಾಯ್ ರಾಜ್ಯದ ಮಾರಿಸ್ ಊರಿನಲ್ಲಿ ಪ್ರಾಯೋಗಿಕ ಎಲೆಕ್ಟ್ರಾನಿಕ್ ಕೇಂದ್ರ ನಡೆಸಿದಾಗ ಇದಕ್ಕೊಂದು ಸಾಹಸದ ಉಪಾಯ ಮಾಡಿದರು. ನಿಯಂತ್ರಣ ಭಾಗದಲ್ಲಿ ತಾವೇ 50 ಸಾವಿರಕ್ಕೂ ಹೆಚ್ಚು ದೋಷಗಳನ್ನು ಒಂದೊಂದಾಗಿ ಉಂಟುಮಾಡಿ, ಪ್ರತಿಯೊಂದಕ್ಕೂ ಯಂತ್ರದ ಸ್ವಯಂಪರೀಕ್ಷೆ ಕೊಟ್ಟ ಉತ್ತರವನ್ನು ದಾಖಲಿಸಿ, ನಿಘಂಟಿನಂತೆ ಅನುಕ್ರಮದಲ್ಲಿ ಅಚ್ಚು ಹಾಕಿಸಿದರು. ಯಂತ್ರ ಮುದ್ರಿಸಿದ ಸಂಖ್ಯೆಯನ್ನು ಈ ದೋಷ ನಿಘಂಟಿನಲ್ಲಿ ಹುಡುಕಿದರೆ ಯಾವ ಕಾರ್ಡು ಬದಲಿಸಬೇಕೆಂದು ತಿಳಿಯುತ್ತಿತ್ತು. 1963ರಲ್ಲಿ ಫ್ಲಾರಿಡಾದ ಕೋಕೊ ಬೀಚ್‌ನಲ್ಲಿ ಬಂದ ‘101 ಇಎಸ್‌ಎಸ್’ ಈ ಎಲೆಕ್ಟ್ರಾನಿಕ್ ವಿದ್ಯೆಯನ್ನು ವ್ಯಾಪಾರಿ ಗ್ರಾಹಕರ ಪಿಬಿಎಕ್ಸ್‌ಗೆ ತಂದಿತು.

1968ರ ಕಾರ್ಟರ್‌ಫೋನ್ ತೀರ್ಪಿನ ನಂತರ ಅಮೆರಿಕದಲ್ಲಿ ಕಚೇರಿಗಳು ದೂರವಾಣಿ ಕಂಪನಿಯದಲ್ಲದ ಉಪಕರಣವನ್ನೂ ಜೋಡಿಸಬಹುದಾಯಿತು. ದೋಷ ಲೈನಿನಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬ ಪ್ರಶ್ನೆಗೆ ಈಗ ಹಣದ ಬಾಬತ್ತೂ ಸೇರಿಕೊಂಡಿತು. ಹೊರಗಿನ ಲೈನನ್ನು ಯಂತ್ರದಿಂದ ಬಿಡಿಸಿ, ಸಾದಾ ಫೋನೊಂದನ್ನು ನೇರ ಜೋಡಿಸಿ ನೋಡುವುದು ಈ ಜಗಳ ಬಗೆಹರಿಸುವ ಮೊದಲ ಹೆಜ್ಜೆಯಾಗಿ ಉಳಿದಿದೆ. 1975ರಲ್ಲಿ ಬಂದ ನಾರ್ದರ್ನ್ ಟೆಲಿಕಾಂನ ಎಸ್‌ಎಲ್-1, ರೋಲ್ಮ್ ಕಂಪನಿಯ ಸಿಬಿಎಕ್ಸ್ ಮೊದಲಾದವು ಕಂಪ್ಯೂಟರಿನಿಂದ ನಡೆಯುವ ಪಿಬಿಎಕ್ಸ್‌ಗಳು. ಎಸ್‌ಎಲ್-1 ರಾತ್ರಿ ಕರೆಗಳಿಲ್ಲದ ಹೊತ್ತಿನಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಬೆಳಗ್ಗೆ ಬರುವ ತಂತ್ರಜ್ಞನಿಗೆ ದೋಷದ ಸಂಕೇತಗಳನ್ನು ಮುದ್ರಿಸಿ ಇಡುತ್ತಿತ್ತು.

ಕಿತ್ತೂರು, ಮುಂಗಾರು ಪೂರ್ವದ ಸಿಡಿಲು, ಸೀರೀಸ್ ಬಲ್ಬು

1984 ಭಾರತಕ್ಕೆ ತಿರುವಿನ ವರ್ಷ. ಗ್ರಾಹಕರ ಜಾಗದಲ್ಲಿಡುವ ದೂರವಾಣಿ ಉಪಕರಣಗಳ ತಯಾರಿಕೆ ಖಾಸಗಿಯವರಿಗೆ ತೆರೆಯಿತು. ಆಗಸ್ಟಿನಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹುಟ್ಟಿತು. ಸಿ-ಡಾಟ್‌ನ 128 ಪೋರ್ಟಿನ ವಿನ್ಯಾಸದಿಂದ ಕಚೇರಿಗಳಿಗೆ ಪಿಎಬಿಎಕ್ಸ್, ಹಳ್ಳಿಗಳಿಗೆ ಗ್ರಾಮೀಣ ಎಕ್ಸ್‌ಚೇಂಜ್ ಎರಡೂ ಬಂದವು. ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಹವಾನಿಯಂತ್ರಣವಿಲ್ಲದೆ ಧೂಳು ಸೆಕೆಗಳಲ್ಲಿ ನಡೆಯಬೇಕೆಂಬುದು ಆ ವಿನ್ಯಾಸದ ಪಟ್ಟು. ಪರವಾನಗಿ ಪಡೆದ ಹಲವು ಕಾರ್ಖಾನೆಗಳಿಂದ ಇಪಿಎಬಿಎಕ್ಸ್‌ಗಳು ಬ್ಯಾಂಕು, ಕಲ್ಯಾಣಮಂಟಪ, ನರ್ಸಿಂಗ್ ಹೋಮುಗಳಿಗೆ ಹರಡಿದವು.

ಕರ್ನಾಟಕದಲ್ಲಿ ಇವುಗಳ ಮುಖ್ಯ ಶತ್ರು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಕಟ್ಟಡದಿಂದ ಕಟ್ಟಡಕ್ಕೆ ಎಳೆದ ಎಕ್ಸ್‌ಟೆನ್ಶನ್ ವೈರು ಸಿಡಿಲಿನ ಪ್ರೇರಣೆಗೆ ಸಿಕ್ಕರೆ ಕಾರ್ಡು ಸುಡುತ್ತದೆ, ಸುಟ್ಟ ಕಾರ್ಡು ಪೂರೈಕೆಯನ್ನು ಶಾರ್ಟ್ ಮಾಡುತ್ತದೆ, ಫ್ಯೂಸು ಹೋಗುತ್ತದೆ. ಆಗ ಹೊಸ ಫ್ಯೂಸು ಹಾಕಿದರೆ ಅದೂ ಹೋಗುತ್ತದೆ. ಬಲ್ಲವರು ಕಾರ್ಡುಗಳನ್ನೆಲ್ಲ ಸಡಿಲಿಸಿ, ಹೊಸ ಫ್ಯೂಸು ಹಾಕಿ, ವಿದ್ಯುತ್ ಘಟಕ ನಿಂತಿದೆಯೇ ನೋಡುತ್ತಾರೆ. ನಿಂತರೆ ಪ್ರತಿ ಸಲವೂ ವಿದ್ಯುತ್ ಆರಿಸಿ, ಒಂದೊಂದೇ ಕಾರ್ಡು ಸೇರಿಸಿ ಮತ್ತೆ ಹಚ್ಚುತ್ತಾರೆ. ಕೆಟ್ಟ ಕಾರ್ಡು ಸೇರಿದ ಗಳಿಗೆ ಫ್ಯೂಸು ಮತ್ತೆ ಸುಡುತ್ತದೆ. ಒಂದು ಫ್ಯೂಸಿನ ಬೆಲೆಗೆ ಅಪರಾಧಿ ಸಿಕ್ಕಂತೆ. ಎಂಟು ಕಾರ್ಡುಗಳನ್ನು ಅರ್ಧರ್ಧ ಮಾಡುತ್ತ ಹೋದರೆ ಮೂರೇ ಸಲಕ್ಕೆ ಸಿಗುತ್ತದೆ, ಆದರೆ ಮೂರು ಫ್ಯೂಸು ಹೋಗಬಹುದು.

ಒಂದೂ ಕಳೆಯದ ದಾರಿ ಸೀರೀಸ್ ಬಲ್ಬು. ಮರದ ಹಲಗೆಯ ಮೇಲೆ ಹೋಲ್ಡರು, 100 ವ್ಯಾಟಿನ ತಂತಿ ಬಲ್ಬು, ಅದರ ಸಾಲಿನಲ್ಲಿ ಸಾಕೆಟ್ಟು. ಎಸ್‌ಎಂಪಿಎಸ್ ಎಂಬ ಬಗೆಯ ವಿದ್ಯುತ್ ಘಟಕ ಕೆಟ್ಟಿದ್ದು, ಅದನ್ನು ಇಲ್ಲಿ ಜೋಡಿಸಿದರೆ ಬಲ್ಬು ಪೂರ್ತಿ ಉರಿಯುತ್ತದೆ. ಸರಿಯಿದ್ದರೆ ಕ್ಷಣ ಮಿನುಗಿ ಮಂಕಾಗುತ್ತದೆ. ರಿಪೇರಿ ಅಂಗಡಿಗಳ ಈ ಉಪಾಯಕ್ಕೆ ಹಳೆಯ ಎಕ್ಸ್‌ಚೇಂಜ್‌ಗಳಲ್ಲೂ ನೆಂಟರಿದ್ದಾರೆ. ಅಲ್ಲಿ ರಿಂಗಿಂಗ್ ತಂತಿಯ ಸಾಲಿನಲ್ಲಿ ಬಲ್ಬು ಇಟ್ಟು ಪ್ರವಾಹವನ್ನು ಹದ್ದಿನಲ್ಲಿಡುತ್ತಿದ್ದರು. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬುಗಳನ್ನು ಹಳೆಯ ತಂತ್ರಜ್ಞರು ಜೋಪಾನವಾಗಿಟ್ಟುಕೊಂಡಿರುವುದು ಅದಕ್ಕೇ.

ಸುಟ್ಟ ಗಾಜನ್ನು ಓದುವುದು

ಇಪಿಎಬಿಎಕ್ಸ್‌ನ ವಿದ್ಯುತ್ ಘಟಕದಲ್ಲಿ ಸಾಮಾನ್ಯವಾಗಿರುವುದು 20 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ವ್ಯಾಸದ ಗಾಜಿನ ಫ್ಯೂಸು. ಅದರ ಲೋಹದ ಟೊಪ್ಪಿಗೆಯ ಮೇಲೆ ಆಂಪಿಯರಿನ ಜೊತೆ ಒಂದು ರೋಮನ್ ಅಕ್ಷರವಿರುತ್ತದೆ. ‘ಟಿ’ ಎಂದರೆ ನಿಧಾನದ್ದು, ‘ಎಫ್’ ಎಂದರೆ ಚುರುಕಿನದು. ಎರಡೂ ಜರ್ಮನ್ ಪದಗಳಾದ ‘ಟ್ರೇಗೆ’, ‘ಫ್ಲಿಂಕ್’ಗಳ ಮೊದಲಕ್ಷರಗಳು. ಯಂತ್ರ ಹಚ್ಚಿದ ಕ್ಷಣ ಕೆಪಾಸಿಟರುಗಳು ತುಂಬುವಾಗ ಪ್ರವಾಹ ಒಮ್ಮೆ ನುಗ್ಗುವುದರಿಂದ ನಿಧಾನದ ಫ್ಯೂಸು ಬೇಕಾದ ಕಡೆ ಚುರುಕಿನದನ್ನು ಹಾಕಿದರೆ, ಯಾವ ದೋಷವೂ ಇಲ್ಲದೆ ಅದು ಸುಡುತ್ತಿರುತ್ತದೆ. ಎಷ್ಟೋ ಒಳ್ಳೆಯ ಯಂತ್ರಗಳು ಈ ಒಂದಕ್ಷರದ ತಪ್ಪಿಗೆ ಕೆಟ್ಟವೆನಿಸಿಕೊಂಡಿವೆ.

ಕಿತ್ತ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಗಾಜಿನ ಒಳಮೈ ಕಪ್ಪಾಗಿ, ಲೋಹ ಆವಿಯಾಗಿ ಬೆಳ್ಳಿಯಂತೆ ಮೆತ್ತಿಕೊಂಡಿದ್ದರೆ ನೇರ ಶಾರ್ಟ್ ಆಗಿದೆ. ಕಾರಣ ಸಿಗುವವರೆಗೆ ಇನ್ನೊಂದು ಹಾಕಬಾರದು. ಗಾಜು ತಿಳಿಯಾಗಿದ್ದು ತಂತಿ ನಡುವೆ ಮಾತ್ರ ಬಿಟ್ಟಿದ್ದರೆ ಸ್ವಲ್ಪವೇ ಹೆಚ್ಚಿನ ಹೊರೆ ಬಹಳ ಹೊತ್ತು ಬಿದ್ದಿದೆ, ಇಲ್ಲವೇ ಫ್ಯೂಸಿಗೇ ವಯಸ್ಸಾಗಿದೆ. ಕಣ್ಣಿಗೆ ಸರಿಯಾಗಿ ಕಂಡದ್ದೂ ಟೊಪ್ಪಿಗೆಯೊಳಗೆ ಬಿಟ್ಟಿರಬಹುದು, ಹಾಗಾಗಿ ಮೀಟರಿಟ್ಟು ನೋಡುವುದೇ ಖಚಿತ. ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅವಸರದ ಕೈಗೆ ಅದು ಜೀವದ ಅಪಾಯ.

1980ರ ದಶಕದಿಂದೀಚೆಗೆ ಲೈನ್ ಕಾರ್ಡುಗಳಲ್ಲಿ ಪಿಟಿಸಿ ಎಂಬ, ಬಿಸಿಯಾದಾಗ ತಡೆ ಹೆಚ್ಚಿಸಿಕೊಂಡು ತಣಿದಾಗ ಮತ್ತೆ ಬಿಟ್ಟುಕೊಡುವ ಬಿಡಿಭಾಗ ಫ್ಯೂಸಿನ ಜಾಗ ಹಿಡಿಯಿತು. ಬದಲಿಸುವ ಕೆಲಸವಿಲ್ಲ, ಆದರೆ ಅದು ಸುಮ್ಮನೆ ಸರಿಹೋಗುವುದರಿಂದ ದೋಷ ಬಂದು ಹೋದದ್ದೇ ತಿಳಿಯುವುದಿಲ್ಲ. ಮಳೆ ಬಂದಾಗ ಮಾತ್ರ ಸಾಯುವ, ಬಿಸಿಲಿಗೆ ಬದುಕುವ ಎಕ್ಸ್‌ಟೆನ್ಶನ್‌ಗಳು ತಂತ್ರಜ್ಞರನ್ನು ಅಲೆದಾಡಿಸುವುದು ಹೀಗೆ. ಅಂತಹ ಕಡೆ ತೇವದಿಂದ ಜೋಡಣೆಗಳ ನಿರೋಧನ ಎಷ್ಟು ಕುಗ್ಗಿದೆ ಎಂಬುದನ್ನು ಹೆಚ್ಚಿನ ಒತ್ತಡ ಕೊಟ್ಟು ನೋಡುವ ಮೆಗ್ಗರ್ ಎಂಬ ಮೀಟರಿನಿಂದ ಅಳೆಯಬೇಕಾಗುತ್ತದೆ. ಅದಕ್ಕೆ ಮೊದಲು ಎರಡೂ ತುದಿಯ ಕಾರ್ಡು ಮತ್ತು ಫೋನು ಬಿಡಿಸಿರಬೇಕು, ಇಲ್ಲವಾದರೆ ಮೆಗ್ಗರಿನ ಒತ್ತಡಕ್ಕೆ ಅವೇ ಸುಡುತ್ತವೆ.

ಐಪಿ ಫೋನುಗಳಲ್ಲಿ ಮಾತೂ ವಿದ್ಯುತ್ತೂ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಬರುತ್ತವೆ. 2003ರ ಮಾನದಂಡದ ಪ್ರಕಾರ ನೆಟ್‌ವರ್ಕ್ ಸ್ವಿಚ್ಚು ಮೊದಲು ಆಚೆ ತುದಿಯ ರೋಧವನ್ನು ಅಳೆದು, ಅದು ಸುಮಾರು 25 ಸಾವಿರ ಓಮ್ ಇದ್ದರೆ ಮಾತ್ರ ವಿದ್ಯುತ್ ಬಿಡುತ್ತದೆ. ಹೊರೆ ಹೆಚ್ಚಾದರೆ ಆ ಒಂದು ಪೋರ್ಟನ್ನಷ್ಟೇ ಮುಚ್ಚಿ, ಅದರ ಸಂಖ್ಯೆಯನ್ನು ದಾಖಲೆಗೆ ಬರೆಯುತ್ತದೆ. ಅದು ಬಿಡುವ ಒತ್ತಡ ಮಾತ್ರ ಹೆಚ್ಚುಕಡಿಮೆ ಹಳೆಯ 24 ಕೋಶಗಳ ಬ್ಯಾಟರಿಯದೇ, 48 ವೋಲ್ಟ್.