ಹಾಡುಗಾರನಿಲ್ಲ, ಡ್ರಮ್ಸ್ ಇಲ್ಲ, ಬರೀ ಗಿಟಾರ್: ಏನಿದು ಕ್ಲಾಸಿಕಲ್ ಗಿಟಾರ್ ವೃಂದ? ಕಿರಾನಾ ಘರಾನಾಕ್ಕೂ ಇದಕ್ಕೂ ಏನು ನಂಟು?

ಮುಂಬೈ: ಅಂಧೇರಿ ಎಂದೊಡನೆ ನೆನಪಾಗುವುದು ಸಿನಿಮಾ ಸ್ಟುಡಿಯೊಗಳು. ಸಿನಿಮಾ ಹಾಡುಗಳಲ್ಲಿ ಗಿಟಾರ್ ಇರುತ್ತದೆ, ಆದರೆ ಹೆಚ್ಚಾಗಿ ಹಿನ್ನೆಲೆಯಲ್ಲಿ. ಅದೇ ವಾದ್ಯ ಹಿಡಿದ ನಾಲ್ಕು ಮಂದಿ ಬೇರಾರ ನೆರವೂ ಇಲ್ಲದೆ ಇಡೀ ಕಛೇರಿ ನಡೆಸಿದರೆ? ಅದೇ ಕ್ಲಾಸಿಕಲ್ ಗಿಟಾರ್ ವೃಂದ. ಇದರ ಕುರಿತ ಮಾಹಿತಿ ಇಲ್ಲಿದೆ.

ಏನಿದರ ವಿಶೇಷ?

ಕ್ಲಾಸಿಕಲ್ ಗಿಟಾರ್‌ಗೆ ನೈಲಾನ್ ತಂತಿಗಳಿರುತ್ತವೆ. ಪ್ಲೆಕ್ಟ್ರಮ್ ಬಳಸದೆ ಬೆರಳು ಹಾಗೂ ಉಗುರಿನಿಂದ ನುಡಿಸುತ್ತಾರೆ. ಸ್ಪೇನ್‌ನ ಆಂಡ್ರೆಸ್ ಸೆಗೋವಿಯಾ (1893–1987) ಇದನ್ನು ಏಕವ್ಯಕ್ತಿ ವಾದ್ಯವಾಗಿ ದೊಡ್ಡ ಸಭಾಂಗಣಗಳಿಗೆ ತಂದರು. 1960ರಲ್ಲಿ ಸೆಲೆಡೋನಿಯೊ ರೊಮೆರೊ ಮೂವರು ಪುತ್ರರೊಂದಿಗೆ ಕಟ್ಟಿದ ತಂಡ ನಾಲ್ಕು ಗಿಟಾರ್‌ಗಳ ಮಾದರಿಯನ್ನು ಜನಪ್ರಿಯಗೊಳಿಸಿತು. 1980ರಲ್ಲಿ ಆರಂಭವಾದ ಲಾಸ್ ಏಂಜಲೀಸ್ ಗಿಟಾರ್ ಕ್ವಾರ್ಟೆಟ್ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು.

ಸವಾಲು ಏನು?

ಪಿಟೀಲಿನ ಸ್ವರವನ್ನು ಕಮಾನಿನಿಂದ ಎಳೆಯಬಹುದು. ಗಿಟಾರ್ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಹೀಗಾಗಿ ನಾಲ್ವರಲ್ಲಿ ಒಬ್ಬರು ಕೂದಲೆಳೆಯಷ್ಟು ತಡವಾಗಿ ಮೀಟಿದರೂ ಕೇಳುಗರಿಗೆ ಗೊತ್ತಾಗುತ್ತದೆ. ಎಲ್ಲ ಗಿಟಾರ್‌ಗಳ ಸ್ವರವ್ಯಾಪ್ತಿಯೂ ಒಂದೇ ಆಗಿರುವುದು ಇನ್ನೊಂದು ತೊಡಕು. ಲಾಸ್ ಏಂಜಲೀಸ್ ತಂಡದಲ್ಲಿ ಜಾನ್ ಡಿಯರ್ಮನ್ ಏಳು ತಂತಿಯ ಗಿಟಾರ್ ನುಡಿಸುತ್ತಿದ್ದುದು ಇದಕ್ಕಾಗಿಯೇ.

ಹೊಸ ಸಂಗೀತವೇ ಏಕೆ?

ಬೀಥೋವನ್, ಬ್ರಾಹ್ಮ್ಸ್ ಅವರಂಥವರು ನಾಲ್ಕು ಗಿಟಾರ್‌ಗೆ ಏನೂ ಬರೆದಿಲ್ಲ. ಹಳೆಯ ಕೃತಿಗಳನ್ನು ಹೊಂದಿಸಿಕೊಂಡು ನುಡಿಸಬೇಕು, ಇಲ್ಲವೇ ಇಂದಿನ ಸಂಯೋಜಕರನ್ನು ನೆಚ್ಚಬೇಕು. ಕ್ಯೂಬಾದ ಲಿಯೊ ಬ್ರೌವರ್ 1984ರಲ್ಲಿ ಬರೆದ 'ಮಳೆಯೊಂದಿಗೆ ಕ್ಯೂಬಾದ ಭೂದೃಶ್ಯ' ಕೃತಿಯಲ್ಲಿ ಬಿಡಿ ಹನಿಗಳಂಥ ಸ್ವರಗಳು ಕ್ರಮೇಣ ಜಡಿಮಳೆಯಾಗುತ್ತವೆ. ಗಿಟಾರ್ ಸ್ವರ ಬೇಗ ಆರಿಹೋಗುತ್ತದೆ ಎಂಬ ಕೊರತೆಯೇ ಇಲ್ಲಿ ಮಳೆಹನಿಯಾಗಿದೆ. ಡಬ್ಲಿನ್ ಗಿಟಾರ್ ಕ್ವಾರ್ಟೆಟ್ ಅಂತೂ ಸಮಕಾಲೀನ ಸಂಗೀತಕ್ಕೇ ಮೀಸಲಾದ ತಂಡ. ಫಿಲಿಪ್ ಗ್ಲಾಸ್ ಕೃತಿಗಳನ್ನು ಅದು ಗಿಟಾರ್‌ಗೆ ಹೊಂದಿಸಿಕೊಂಡಿದೆ.

ಭಾರತದ ನಂಟು

ಈ ಹೊಸ ಸಂಗೀತದ ಬೇರುಗಳಲ್ಲಿ ಒಂದು ನಮ್ಮಲ್ಲೇ ಇದೆ. ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪಂಡಿತ್ ರವಿಶಂಕರ್ ಜತೆ ಕೆಲಸ ಮಾಡಿ ಲಯದ ಹೊಸ ದಾರಿ ಕಂಡುಕೊಂಡರು. ಅಮೆರಿಕದ ಟೆರ್ರಿ ರೈಲಿ 1970ರಲ್ಲಿ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದರು. ಪ್ರಾಣನಾಥ್ ಕಿರಾನಾ ಘರಾನಾದವರು. ಕುಂದಗೋಳದ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರೂ ಅದೇ ಘರಾನಾದವರು. ಮುಂದೆ ರೈಲಿ ಗಿಟಾರ್‌ಗಾಗಿಯೇ ಕೃತಿಗಳ ಸರಣಿ ಬರೆದರು. ಅವರ ಪುತ್ರ ಗ್ಯಾನ್ ರೈಲಿ ಕೂಡ ಗಿಟಾರ್ ವಾದಕ.

ಕಲಿಯುವವರಿಗೆ ಏನು ಲಾಭ?

ಗಿಟಾರ್ ಕಲಿಯುವ ಮಕ್ಕಳು ಗ್ರೇಡ್ ಪರೀಕ್ಷೆಗೆ ಸಾಮಾನ್ಯವಾಗಿ ಒಬ್ಬರೇ ಅಭ್ಯಾಸ ಮಾಡುತ್ತಾರೆ. ಪಕ್ಕದವರನ್ನು ಕೇಳಿಸಿಕೊಂಡು ನುಡಿಸುವ ಪಾಠ ಸಿಗುವುದು ವೃಂದದಲ್ಲಿ. ರೈಲಿಯವರ 1964ರ 'ಇನ್ ಸಿ' ಇದಕ್ಕೆ ಒಳ್ಳೆಯ ಆರಂಭ. ಇದರಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು. ಎಷ್ಟು ಮಂದಿ ಬೇಕಾದರೂ, ಯಾವ ವಾದ್ಯದಲ್ಲಾದರೂ ನುಡಿಸಬಹುದು. ಪ್ರತಿಯೊಂದನ್ನೂ ಎಷ್ಟು ಬಾರಿ ನುಡಿಸಬೇಕು ಎಂಬುದು ವಾದಕರ ಇಷ್ಟ. ಆದರೆ ಯಾರೂ ತೀರಾ ಮುಂದೆ ಓಡಬಾರದು, ತೀರಾ ಹಿಂದೆಯೂ ಉಳಿಯಬಾರದು.